ಬಾರಿಸದ ತಮಟೆ

ಹೋದ ತಿಂಗಳು, ಮಟಮಟ ಮಧ್ಯಾಹ್ನದಲ್ಲಿ, ನಾನೊಂದು ತಮಟೆಯ ಸದ್ದು ಕೇಳಿದೆ. ಆ ತಮಟೆಯನ್ನು ಯಾರೂ ಬಾರಿಸಿರಲಿಲ್ಲ.

ನಗಬೇಡಿ. ನಾನೂ ಕಾಲೇಜು ಓದಿದ ವಕೀಲನೇ. ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೂ ನಗುವೇ. (ಮಂಡ್ಯದ ವಕೀಲರ ಕೋಣೆಯಲ್ಲಿ ಈಗ ನನ್ನನ್ನು ಕಂಡು ನಗುತ್ತಿದ್ದಾರೆ. ಇರಲಿ.) ಕೇಸು ಮುಗಿದಿದೆ, ತೀರ್ಪು ಬಂದಿದೆ. ಹಾಗಾಗಿ ನಿಮ್ಮ ಮುಂದೆ ಇಡಬಹುದು.

ಮಳವಳ್ಳಿಯಿಂದ ಹಲಗೂರಿಗೆ ಹೋಗುವ ರಸ್ತೆಯಿಂದ ಒಂದು ಗಾಡಿಜಾಡು ಒಳಕ್ಕೆ ಹೊರಳುತ್ತದೆ. ಅದರಲ್ಲೊಂದು ಮೋರಿ ಕುಸಿದಿತ್ತು. ಸರ್ಕಾರದ ಆಫೀಸಿನವರು ಹರಾಜು ಕೂಗಿ, ಎಲ್ಲರಿಗಿಂತ ಕಡಿಮೆಗೆ ಒಪ್ಪಿದ ಕಂಟ್ರಾಕ್ಟರಿಗೆ ರಿಪೇರಿ ಕೆಲಸ ಕೊಟ್ಟರು. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಅದೇ ಕರಾರಿಗೆ ಒಂದು ತಿದ್ದುಪಡಿ ಬಂತು. ಮೋರಿಯ ಜೊತೆಗೆ ಇಡೀ ಜಾಡಿಗೆ ಕಲ್ಲು ಹಾಸಿ ರಸ್ತೆ ಮಾಡುವುದೂ ಅವನದೇ! ಹೊಸ ಹರಾಜಿಲ್ಲ. ಕೇಳಿದರೆ ಯುದ್ಧಕಾಲ, ಅರ್ಜೆಂಟು.

ಬಾಗಿಲಿಗೆ ಚಿಲಕ ಹಾಕಲು ಬಂದ ಆಚಾರಿಗೆ, ಹಾಗೇ ಮನೆಯನ್ನೂ ಕಟ್ಟಿಬಿಡಪ್ಪ ಎಂದ ಹಾಗಾಯಿತು. ಚಿಲಕಕ್ಕೆ ಪೈಪೋಟಿ ಬೇಕು, ಮನೆಗೆ ಬೇಡವೇ?

ಕೋರ್ಟಿಗೆ ಹೋದವರು ಸಾಬ್ಜಾನ್ ಸಾಹೇಬರು. ಆ ಜಾಡು ದೊಡ್ಡ ರಸ್ತೆಗೆ ಕೂಡುವ ಹಳ್ಳಿಯಲ್ಲಿ ಅವರ ಕಲ್ಲಿನ ಅಂಗಳವಿದೆ. ಗಾಡಿ, ಎತ್ತು, ಕಲ್ಲು ಒಡೆಯುವ ಆಳುಗಳು ಎಲ್ಲ ಇವೆ, ಕೆಲಸವಿಲ್ಲ. ಸಿಮೆಂಟು, ಕಬ್ಬಿಣ ಸಿಕ್ಕದ ಈ ದಿನಗಳಲ್ಲಿ ಮನೆ ಕಟ್ಟುವವರು ಯಾರು? ಈ ರಸ್ತೆಯೂ ಕೈಬಿಟ್ಟರೆ ಎತ್ತು ಮಾರಬೇಕು, ಆಳುಗಳನ್ನು ಮನೆಗೆ ಕಳಿಸಬೇಕು.

"ನಂಗೇ ಕೊಡಿ ಅನ್ನಾಕಿಲ್ಲ ಸಾಮಿ. ನಂಗೂ ಒಂದ್ ಸವಾಲ್ ಕೂಗಾಕ್ ಬುಡಿ ಅಂತೀನಿ, ಅಷ್ಟೇಯ," ಎಂದು ಮುನಸೀಫ್ ಕೋರ್ಟಿನಲ್ಲಿ ನಿಂತು ಹೇಳಿದರು.

ಆಫೀಸಿನವರ ಉತ್ತರ ತಯಾರಿತ್ತು. ತಿದ್ದುಪಡಿಗೂ ಡಂಗುರ ಹೊಡೆಸಿದ್ದೇವೆ, ಯಾರೂ ಬರಲಿಲ್ಲ. ಎಲ್ಲಿ ಹೊಡೆಸಿದಿರಿ? ಕೆಲಸ ಯಾವ ಊರಿನ ಎಲ್ಲೆಯಲ್ಲಿದೆಯೋ ಆ ಊರಿನಲ್ಲಿ. ಪದ್ಧತಿಯೇ ಹಾಗಲ್ಲವೇ?

ಪದ್ಧತಿ ಸರಿಯೇ. ಆದರೆ ಆ ಊರು ಬೇಚಿರಾಕ್. ಎಂದರೆ, ದೀಪ ಹಚ್ಚುವವರಿಲ್ಲದ ಊರು. ನಮ್ಮ ಅಜ್ಜಂದಿರ ಕಾಲದ ಪ್ಲೇಗಿನಲ್ಲಿ ಸತ್ತವರು ಸತ್ತು, ಉಳಿದವರು ಬಿಟ್ಟುಹೋದದ್ದು. ನಕ್ಷೆಯಲ್ಲಿ ಹೆಸರಿದೆ; ನೆಲದ ಮೇಲೆ ಮೋಟು ಗೋಡೆಗಳಿವೆ. ಆ ಗೋಡೆಗಳ ಮುಂದೆ ನಿಂತು ಸರ್ಕಾರ "ಕೇಳ್ರಪ್ಪೋ ಕೇಳಿ" ಎಂದು ಸಾರಿತ್ತು. ತಕರಾರಿದ್ದವರು ಬನ್ನಿ ಎಂದಿತ್ತು.

ತಮಟೆಯ ಸದ್ದು ಪಕ್ಕದ ಹಳ್ಳಿಗೂ ಮುಟ್ಟುತ್ತದೆ ಎಂದು ಆಫೀಸಿನವರ ವಾದ. ಸಾಹೇಬರ ಹಳ್ಳಿಯವರೇ ಇಬ್ಬರು ಬಂದು, ನಾವು ಕೇಳಿದೆವು ಎಂದು ಸಾಕ್ಷಿ ಹೇಳಿದರು. "ದಿನಾ ಅಲ್ಲೇ ಕುಂತಿರೋ ನಂಗ್ಯಾಕೆ ಕೇಳ್ನಿಲ್ಲ?" ಎಂದರು ಸಾಹೇಬರು. ಮುನಸೀಫರು ಸ್ಥಳ ಪರೀಕ್ಷೆಗೆ ನನ್ನನ್ನು ಕೋರ್ಟಿನ ಕಮಿಷನರ್ ಆಗಿ ನೇಮಿಸಿದರು. ಪಾಳುಹಳ್ಳಿಯಲ್ಲಿ ತಮಟೆ ಬಾರಿಸಲಿ, ನೀವು ಸಾಹೇಬರ ಅಂಗಳದಲ್ಲಿ ನಿಂತು ಕೇಳಿ, ವರದಿ ಕೊಡಿ ಎಂದರು.

ಪೆಟ್ರೋಲ್ ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ಕೆಮ್ಮುತ್ತ ನಮ್ಮನ್ನು ಇಳಿಸಿ ಹೋಯಿತು. ಕೋರ್ಟಿನ ಅಮೀನನನ್ನೂ, ಡಂಗುರ ಹೊಡೆಯುವ ಮಾದಯ್ಯನನ್ನೂ ಗಾಡಿಯಲ್ಲಿ ಪಾಳುಹಳ್ಳಿಗೆ ಕಳಿಸಿ ನಾನು ಸಾಹೇಬರ ಅಂಗಳದಲ್ಲಿ ನಿಂತೆ. ಒಂದು ಪಕ್ಕ ಸಾಹೇಬರು, ಇನ್ನೊಂದು ಪಕ್ಕ ಕಂಟ್ರಾಕ್ಟರನ ಗುಮಾಸ್ತ. ಆಳುಗಳ ಕೈಯಿಂದ ಸುತ್ತಿಗೆ ಕೆಳಗಿಡಿಸಿದ್ದೆ. ಗಾಳಿಯಿಲ್ಲ. ಒಂದು ಕಾಗೆಯ ಕೂಗೂ ಇಲ್ಲ. ಬಿಸಿಲು ಒಡೆದ ಕಲ್ಲುಗಳ ಮೇಲೆ ಬಿಳಿಯ ಬಟ್ಟೆಯಂತೆ ಬಿದ್ದಿತ್ತು.

ಆಗ ಕೇಳಿತು. ದೂರದಿಂದ, ಅಲ್ಲ, ನೆಲದ ಅಡಿಯಿಂದ ಎಂಬಂತೆ. ಡಂ... ಡಂ... ಡಂಡಂ...

"ಕೇಳ್ತಲ್ಲ ಸಾಮಿ!" ಗುಮಾಸ್ತ ಕುಣಿದ. "ಯಾಕ್ ಸಾಬ್ರೇ, ಅವತ್ತು ಕಿವೀಗ್ ಅರಳೆ ಮಡಿಕಂಡಿದ್ರಾ?"

ಸಾಹೇಬರ ಮುಖ ಬಿಳಿಚಿಕೊಂಡಿತ್ತು. ಇಲ್ಲ ಎಂದಿದ್ದರೆ ಕೇಸು ಉಳಿಯುತ್ತಿತ್ತು. "ಸುಳ್ಳ್ಯಾಕೆ ಯೋಳ್ಲಿ," ಎಂದರು. "ಕೇಳ್ತು."

ಅಷ್ಟರಲ್ಲಿ ಜಾಡಿನಲ್ಲಿ ಗಾಡಿ ವಾಪಸು ಬಂತು. ಇಷ್ಟು ಬೇಗ ಮುಗಿಯಿತೇ ಎಂದೆ.

"ಎಲ್ ಮುಗೀತು ಬುದ್ಧಿ, ಬಾರ್ಸೇ ಇಲ್ವಲ್ಲ," ಎಂದ ಮಾದಯ್ಯ. ಮೋರಿಯಲ್ಲಿ ಗಾಡಿ ಕುಲುಕಿ ತಮಟೆ ನೀರಿಗೆ ಬಿದ್ದಿತ್ತು. (ಆ ಮೋರಿ, ಅಂದ ಹಾಗೆ, ಇನ್ನೂ ಕುಸಿದೇ ಇದೆ.) "ತೊಗಲು ನೆಂದೋದ್ರೆ ಸದ್ದು ಏಳಾಕಿಲ್ಲ. ಕಾಯ್ಸಾನ ಅಂದ್ರೆ ಒಲೇನೇ ಇಲ್ದಿರೋ ಊರು. ಕೆಂಡ ಯಾರ್ನ ಕೇಳ್ಲಿ?" ಅಮೀನನ ಹತ್ತಿರ ಬೆಂಕಿಪೊಟ್ಟಣವೂ ಇರಲಿಲ್ಲ. ಕೆಂಡಕ್ಕೆಂದೇ ಮರಳಿ ಬಂದಿದ್ದರು.

ತಮಟೆ ಮುಟ್ಟಿ ನೋಡಿದೆ. ತಣ್ಣಗೆ, ಒದ್ದೆಯಾಗಿ ಜೋತುಬಿದ್ದಿತ್ತು.

ಗುಮಾಸ್ತನೂ ಮುಟ್ಟಿ ನೋಡಿ, ಕೈಯನ್ನು ಪಂಚೆಗೆ ಒರೆಸಿಕೊಂಡ.

ಸಾಹೇಬರ ಮನೆಯಿಂದ ಮಡಕೆಯಲ್ಲಿ ಕೆಂಡ ಕಳಿಸಿದೆವು. ಗಾಡಿ ಹೋಯಿತು. ನಿಂತೆವು. ನೆರಳು ಕಾಲಬುಡದಿಂದ ಹೊರಗೆ ಚಾಚುವವರೆಗೂ ನಿಂತೆವು. ಏನೂ ಕೇಳಲಿಲ್ಲ. ಮಾದಯ್ಯ ಕೈ ಬಿದ್ದುಹೋಗುವ ಹಾಗೆ ಬಾರಿಸಿದ ಎಂದು ಅಮೀನ ಬಂದು ಆಣೆ ಇಟ್ಟ.

ಆ ಸಂಜೆಯೇ ಡೈರಿಯಲ್ಲಿ ಬರೆದಿಟ್ಟೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಈಗ ಓದಿದರೆ ಬರೆದದ್ದನ್ನೂ ನಂಬಲು ಆಗುತ್ತಿಲ್ಲ. ಸದ್ದು ನನಗೆ ಕೇಳಿದ್ದು ಗುಮಾಸ್ತ "ಕೇಳ್ತಲ್ಲ" ಎನ್ನುವ ಮೊದಲೋ, ಆಮೇಲೋ? ಅಷ್ಟು ಹೊತ್ತು ಕಿವಿಗೊಟ್ಟು ನಿಂತವನಿಗೆ ತನ್ನ ರಕ್ತವೇ ತಮಟೆಯಾಗಿ ಕೇಳಿತೇ? ಇರಬಹುದು. ಬುದ್ಧಿವಂತರ ಉತ್ತರ ಅದು. ಆದರೆ ಅಂಗಳದಲ್ಲಿ ಕಟ್ಟಿದ್ದ ಎತ್ತುಗಳು ಮೆಲುಕು ನಿಲ್ಲಿಸಿ, ಪಾಳುಹಳ್ಳಿಯ ಕಡೆಗೆ ಕಿವಿ ನಿಮಿರಿಸಿದ್ದವು. ಅವಕ್ಕೆ ಯಾರು ಹೇಳಿಕೊಟ್ಟರು?

ಆ ಇಬ್ಬರು ಸಾಕ್ಷಿಗಳು ಕಂಟ್ರಾಕ್ಟರನ ಕಾಫಿ ಕುಡಿದು ಸುಳ್ಳು ಹೇಳಿದರು ಎಂದೇ ನಾನು ನಂಬಿದ್ದೆ. ಈಗ ಯಾವ ಬಾಯಲ್ಲಿ ಹೇಳಲಿ? ಸರ್ಕಾರ ಏನೋ ಹೇಳುತ್ತದೆ ಎಂದು ಕಿವಿ ತೆರೆದು ನಿಂತವನಿಗೆ ಅದು ಹೇಳದ್ದೂ ಕೇಳುತ್ತದೆ. ಆಮೇಲೆ "ಎಲ್ಲರಿಗೂ ತಿಳಿಸಿದ್ದೇವೆ" ಎಂದರೆ, ಹೌದು ಎಂದು ತಲೆಯಾಡಿಸುವವರು ನಾವೇ.

ವರದಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ. ಬಾರಿಸದಾಗ ಕೇಳಿತು, ಬಾರಿಸಿದಾಗ ಕೇಳಲಿಲ್ಲ. ಮುನಸೀಫರು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಜನವಿಲ್ಲದ ಕಡೆ ಸಾರಿದ್ದು ಸಾರಿದ್ದಲ್ಲ. ರಸ್ತೆ ಎಂಬುದು ಮೋರಿಯ ತಿದ್ದುಪಡಿಯಲ್ಲ, ಬೇರೆಯೇ ಕೆಲಸ. ಹಲಗೂರು ಸಂತೆಯಲ್ಲಿ ಹೊಸದಾಗಿ ಹರಾಜಾಗಲಿ ಎಂದು ತೀರ್ಪು ಕೊಟ್ಟರು.

ಸಾಹೇಬರು ಗೆದ್ದರು. ಸಂತೆಯ ದಿನ ಅವರೂ ಸವಾಲು ಕೂಗಬಹುದು. ಮೊನ್ನೆ ಬಾಳೆಹಣ್ಣು ಹಿಡಿದು ನಮ್ಮ ಮನೆಗೆ ಬಂದಿದ್ದರು. ಸಂತೋಷದ ಮಾತೆಲ್ಲ ಆದ ಮೇಲೆ ಬಾಗಿಲ ಹತ್ತಿರ ಹೋಗಿ ನಿಂತರು. ಹೊರಡಲಿಲ್ಲ.

"ಒಂದ್ ಮಾತು ಸಾಮಿ. ಅವತ್ತು ನಮಗೆ ಕೇಳಿದ್ದು ಹರಾಜಿನ ತಮಟೇನೇ ಆಗಿದ್ರೆ, ದೀಪಾನೇ ಇಲ್ದಿರೋ ಆ ಊರಲ್ಲಿ ಸವಾಲ್ ಕೂಗ್ದೋರು ಯಾರು?"