ಶೆಡ್ಲಿ ಮಾವನ ಎದೆಯುರಿ

ಎದೆಯುರಿಯ ಎದುರು ನಾಬೆಲ್ ಪಟ್ಟಣದ ಡಾಕ್ಟರುಗಳೆಲ್ಲ ಸೋತರೂ ನಮ್ಮ ಓಣಿಯ ಶೆಡ್ಲಿ ಮಾವ ಸೋತಿಲ್ಲ. ಕಾಫಿ ಬಿಟ್ಟಿದ್ದಾನೆ, ಉಂಡ ಕೂಡಲೇ ಒರಗುವುದಿಲ್ಲ, ಮಂಚದ ತಲೆಯ ಕಡೆ ಇಟ್ಟಿಗೆ ಏರಿಸಿ ಸಿಂಹಾಸನಾರೂಢನಂತೆ ಮಲಗುತ್ತಾನೆ. ಮೆಣಸಿನಕಾಯಿ ಅರೆದ ಹರಿಸ್ಸಾ ಚಟ್ನಿ ಮಾತ್ರ ಬಿಡಲೊಲ್ಲ. "ಉರಿಯೋದು ನನ್ನೆದೆ, ಡಾಕ್ಟರಿಗ್ಯಾಕೆ ಹೊಗೆ?" ವರ್ಷವರ್ಷವೂ ಪ್ರತಿ ಮನೆಯ ಹೊಸ ಹರಿಸ್ಸಾದ ಮೊದಲ ಚಮಚ ಅವನ ನಾಲಿಗೆಗೇ, ಅವನು ಮೆಚ್ಚದಿದ್ದರೆ ಅರೆದವಳು ಓಣಿಗೆಲ್ಲ ನಗೆಪಾಟಲು. ಈ ಸಲ ಅದೇ ಓಣಿಯ ಝೊಹ್ರಾಳ ಹೊಸ ಸೊಸೆ ಲಮಿಯಾ ತನ್ನ ಮೊದಲ ಭರಣಿ ತಂದಳು. ಮಾವ ಚಮಚ ಬಾಯಿಗಿಟ್ಟನೋ ಇಲ್ಲವೋ, ಹಿಂದೆಯೇ ಬಂದ ಅತ್ತೆ ಝೊಹ್ರಾ ಕೂಗಿದಳು: "ಉಗುಳ್ಬಿಡಿ ಅಣ್ಣ, ಅದು ಹರಿಸ್ಸಾ ಅಲ್ಲ, ಕೆಂಡ!" ಮಾವ ನುಂಗಿದ. ಕಿವಿ ಕೆಂಪಾಯಿತು, ಕಣ್ಣು ತುಂಬಿತು, ಒಂದು ಕೈ ಎದೆ ಹಿಡಿಯಿತು. ಇನ್ನೊಂದು ಕೈ ರೊಟ್ಟಿ ಮುರಿದು ಚಾಚಿತು. "ಇನ್ನೊಂದು ಚಮಚ ಹಾಕಮ್ಮ. ನಿಮ್ಮತ್ತೆ ಮೊದಲ ಸಲ ಅರೆದದ್ದು ಇದಕ್ಕಿಂತ ಕೆಂಡವಾಗಿತ್ತು, ಆಗಲೂ ನಾನು ಉಗುಳಲಿಲ್ಲ."