ಅಯ್ಯಮ್ಮನ ಸೈಕಲ್ಲು, ಜೀಪಿನ ಕೊಂಡಿ

ಚಂದ್ರಬಂಡದ ಕುರಿಗಾರರ ಮನೆಯ ಅಯ್ಯಮ್ಮ ನರ್ಸ್ ಆದಾಗಲೇ ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತ್ತು. ಎಂಬತ್ತೊಂದನೇ ಇಸವಿಯಲ್ಲಿ ಅವಳು ಹಸಿರು ಬಣ್ಣದ ಲೇಡೀಸ್ ಸೈಕಲ್ ಕೊಂಡಾಗ ಇಟ್ಟುಕೊಳ್ಳಲು ಬೆರಳೇ ಸಾಲಲಿಲ್ಲ.

"ನಿಮ್ಮಪ್ಪ ಕುರಿ ಹಿಂದ ಅಡ್ಡಾಡಿ ಜೀವ ತೇದ, ಒಂದಿನ ಕತ್ತೆ ಸೈತ ಹತ್ತಲಿಲ್ಲ. ನೀ ಇದನ್ನ ಹತ್ತಿ ಹೊಂಟಿಯಲ್ಲಬೇ!" ಎಂದಳು ತಾಯಿ ಮಾರೆಮ್ಮ. ಸಿಟ್ಟೋ ಹೆಮ್ಮೆಯೋ ಅವಳಿಗೇ ತಿಳಿಯಲಿಲ್ಲ.

ಸುಮ್ಮನೆ ಶೋಕಿಗೆ ಕೊಂಡದ್ದಲ್ಲ ಅದು. ಮೊದಲ ಎರಡು ವರ್ಷ ದೇವದುರ್ಗದ ಕಡೆ ಬಸುರಿ ಬಾಣಂತಿಯರನ್ನು ನೋಡಲು ನಡೆದೂ ನಡೆದೂ ಅವಳ ಹಿಮ್ಮಡಿ ಬಿರಿದುಹೋಗಿದ್ದವು. ಈಗ ರಾಯಚೂರಿಗೆ ವರ್ಗವಾಗಿತ್ತು. ಮಾನ್ವಿ ರಸ್ತೆಯ ಆಚೀಚೆ ಆರು ಹಳ್ಳಿ ಅವಳ ಪಾಲಿಗೆ. ಆಸ್ಪತ್ರೆಯ ಜೀಪು ಅವಳನ್ನು ದೊಡ್ಡ ರಸ್ತೆಯಲ್ಲಿ ಇಳಿಸುತ್ತಿತ್ತು, ಅಲ್ಲಿಂದ ಒಳಗೆ ಸೈಕಲ್ಲೇ ಗತಿ. ಆದರೆ ಅಲ್ಲಿಯತನಕ ಸೈಕಲ್ಲು ಹೋಗುವುದಾದರೂ ಹೇಗೆ? ಜೀಪಿನ ನೆತ್ತಿಗೆ ಬರೀ ತಾಡಪತ್ರಿ. ಮೇಲೆ ಹಾಕಿದರೆ ಹರಿಯುತ್ತದೆ, ಒಳಗೆ ಹಾಕಿದರೆ ಡ್ರೈವರ್ ಬೂದೆಪ್ಪನ ತಾಳ್ಮೆ ಹರಿಯುತ್ತದೆ.

"ಹದಿನೈದು ದಿನದಾಗ ಏನರ ವ್ಯವಸ್ಥಾ ಮಾಡ್ಕೊ," ಎಂದರು ಡಾಕ್ಟರ್ ಸಾಹೇಬರು. "ಆಗ್ಲಿಲ್ಲಂದ್ರ ಹಳ್ಳಿಗಿ ಬ್ಯಾರೆಯವರನ್ನ ಕಳಸ್ತೀನಿ. ನೀ ಆಫೀಸಿನ್ಯಾಗ ಕುಂತು ರಿಜಿಸ್ಟರ್ ಬರಿ."

ಬಯಲಲ್ಲಿ ಬೆಳೆದವಳನ್ನು ನಾಲ್ಕು ಗೋಡೆಯೊಳಗೆ ಕೂಡಿಹಾಕಿ ಗೀಟು ಎಳೆಸುವುದೇ? ಅಯ್ಯಮ್ಮ ಜೀಪಿನಲ್ಲೇ ನೆಟ್ಟಗೆ ಅಬ್ದುಲ್ ವಹೀದನ ವೆಲ್ಡಿಂಗ್ ಅಂಗಡಿಗೆ ಹೋದಳು.

ವಹೀದ್ ಜೀಪಿನ ಹಿಂದೆ ಕೂತು ಟ್ರೇಲರ್ ಎಳೆಯುವ ಕೊಂಡಿಯನ್ನು ನೋಡಿದ. "ಇದಕ್ಕೇ ಒಂದು ಕಂಬ ನಿಲ್ಲಸ್ತೀನಿ ತಂಗಿ, ಕಂಬಕ್ಕ ಎರಡು ಕೈ. ಸೈಕಲ್ಲಿನ ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ಡಂಡಾ ಅದರಾಗ ಸಿಗಸಿದ್ರ ಮುಗೀತು," ಎಂದ. ತನ್ನ ಸ್ವಂತ ಸೈಕಲ್ಲನ್ನೇ ಅಳೆದ, ಬೆಸೆದ, ಬಣ್ಣವನ್ನೂ ಬಳಿದ. ಸೋಮವಾರ ಅಯ್ಯಮ್ಮ ಸೈಕಲ್ ತಂದು ನಿಲ್ಲಿಸಿದರೆ ಅವನ ಕೈಯಲ್ಲಿದ್ದ ಬೀಡಿ ಕೆಳಗೆ ಬಿತ್ತು.

"ಡಂಡಾ ಎಲ್ಲದ?"

"ಲೇಡೀಸ್ ಸೈಕಲ್ಲಿಗಿ ಮ್ಯಾಲಿನ ಡಂಡಾ ಇರಂಗಿಲ್ಲಣ್ಣ."

"ಯಾ ಅಲ್ಲಾ! ಮೊದ್ಲೇ ಹೇಳಬಾರದೇನು?"

"ಕಣ್ಣಮುಂದ ಸೀರಿ ಉಟ್ಕೊಂಡು ನಿಂತಿದ್ನೆಲ್ಲ, ಇನ್ನೇನು ಹೇಳ್ಬೇಕಿತ್ತು?"

ಕೊನೆಗೆ ಸೀಟಿಗೊಂದು, ಹ್ಯಾಂಡಲ್ಲಿಗೊಂದು ಹಗ್ಗ ಬಿಗಿದು ನೇತುಹಾಕಿದರು. ಐದು ಮೈಲು ಹೋಗುವಷ್ಟರಲ್ಲಿ ಸೈಕಲ್ಲು ಹೊರಳಿ ಮುಂದಿನ ಗಾಲಿ ಸೈಲೆನ್ಸರ್ ಮುಂದೆ ಬಂತು. ಬಿಸಿ ಹೊಗೆ ಕುಡಿದೂ ಕುಡಿದೂ ಟೈರು ಢಂ ಎಂದಾಗ ಬೂದೆಪ್ಪ ಸ್ಟೇರಿಂಗ್ ಬಿಟ್ಟು ಕಿವಿ ಮುಚ್ಚಿಕೊಂಡ. ಜೀಪು ಗದ್ದೆಗೆ ಇಳಿಯದೆ ಉಳಿದದ್ದು ಅವನ ಹೆಂಡತಿಯ ಪುಣ್ಯ.

ಆಮೇಲೆ ಮಾನ್ವಿಯ ರೈಸ್‌ಮಿಲ್ಲಿನ ಮಿಸ್ತ್ರಿ ಮರಿಸ್ವಾಮಿಯ ಸರದಿ. ಅವನು ಸೈಕಲ್ಲನ್ನು ಕಣ್ಣಾರೆ ನೋಡಿ, ಎರಡೂ ಗಾಲಿ ಕೂರುವಂಥ ಕಬ್ಬಿಣದ ದೋಣಿ ಮಾಡಿ ಅದೇ ಕೊಂಡಿಗೆ ಬಿಗಿದ. ಆ ದೋಣಿ ಎತ್ತಲು ನಾಲ್ಕು ಜನ ಬೇಕು. ಆದರೆ ಸೈಕಲ್ಲು ಅಲುಗಲಿಲ್ಲ, ಮದುಮಗನಂತೆ ಕೂತಿತು. ಚಹಾದ ಹೋಟೆಲಿನಲ್ಲಿ ಎರಡು ಪಾರ್ಟಿಗಳೇ ಆದವು. ವಹೀದನದು ಹಗುರ, ಒಂದೇ ಕೈಯಲ್ಲಿ ಬಿಚ್ಚಬಹುದು ಅಂತ ಒಬ್ಬರು. ಮರಿಸ್ವಾಮಿಯದು ಗಟ್ಟಿ, ಬೇಕಾದರೆ ಎಮ್ಮೆ ನಿಲ್ಲಿಸಬಹುದು ಅಂತ ಇನ್ನೊಬ್ಬರು. ಅಯ್ಯಮ್ಮನಿಗೆ ಎಮ್ಮೆ ಇರಲಿಲ್ಲ, ಆದರೂ ದೋಣಿಯೇ ಹಿಡಿಸಿತು.

ಹದಿನೈದನೇ ದಿನ ಅದರ ಊನ ಹೊರಬಿತ್ತು. ದೋಣಿ ಇದ್ದರೆ ಜೀಪಿನ ಹಿಂಬಾಗಿಲು ತೆರೆಯುವುದಿಲ್ಲ! ಲಸಿಕೆಯ ಪೆಟ್ಟಿಗೆ ಒಳಗೆ. ಬೂದೆಪ್ಪನ ಹೊಟ್ಟೆ ಸೀಟುಗಳ ನಡುವೆ ತೂರದು, ಅಯ್ಯಮ್ಮ ದಾರಿಬದಿಯಲ್ಲಿ ಕೂಸುಗಳ ತೂಕ ಮಾಡುತ್ತಿದ್ದಳು. ಅವತ್ತು ಮಾನ್ವಿ ಮೀಟಿಂಗಿಗೆಂದು ಜೊತೆಗೇ ಹೊರಟಿದ್ದ ಡಾಕ್ಟರ್ ಸಾಹೇಬರೇ ಸೀಟು ಹತ್ತಿ ದಾಟಿದರು. ಪರ್ ಅಂತ ಸದ್ದಾಯಿತು. ಪ್ಯಾಂಟು ಹಿಂದಿನಿಂದ ಎರಡಾಗಿತ್ತು.

"ಸಾಕು! ಇವತ್ತು ಮಾನ್ವಿ ಮೀಟಿಂಗಿನ್ಯಾಗ ದೊಡ್ಡ ಸಾಹೇಬ್ರಿಗಿ ಮೊದ್ಲೇ ಹೇಳಿಟ್ಟಿದ್ದ ಪತ್ರ ಕೊಟ್ಟೇಬಿಡ್ತೀನಿ. ನಾಳಿಂದ ನೀ ರಿಜಿಸ್ಟರ್ ಬರಿ," ಎಂದು ಗುಡುಗಿದರು. ಅಯ್ಯಮ್ಮ ತುಟಿ ಕಚ್ಚಿ ಜೀಪು ಹತ್ತಿದಳು. ಅಳು ಬಂದಿತ್ತು, ಬೂದೆಪ್ಪನ ಮುಂದೆ ಅಳಲು ಮನಸ್ಸಾಗಲಿಲ್ಲ.

ನೀರಮಾನ್ವಿ ದಾಟುತ್ತಲೇ ಜೀಪಿನ ಗಾಲಿ ಪಂಕ್ಚರ್ ಆಯಿತು. ಸ್ಟೆಪ್ನಿ ತೆಗೆದರೆ ಅದರಲ್ಲಿ ಹೋದ ವರ್ಷದ ಪಂಕ್ಚರು ಹಾಗೇ ಇತ್ತು. ಬಸ್ಸು ಆಗಲೇ ಹೋಗಿತ್ತು. ಹನ್ನೊಂದಕ್ಕೆ ಮೀಟಿಂಗ್. ಸಾಹೇಬರ ಕಣ್ಣು ಮೆಲ್ಲಗೆ ಹಸಿರು ಸೈಕಲ್ಲಿನ ಕಡೆ ಹೊರಳಿತು.

"ತಗೊಂಡು ಹೋಗ್ರಿ ಸಾಹೇಬ್ರ," ಎಂದಳು ಅಯ್ಯಮ್ಮ.

ಸಾಹೇಬರು ಕೆಮ್ಮಿದರು. "ನನಗ ಸೈಕಲ್ ಬರಂಗಿಲ್ಲ."

ಬೂದೆಪ್ಪ ಕೇಳುವ ಮೊದಲೇ ಕೈ ಮುಗಿದ. "ನನಗ ನಾಕು ಗಾಲಿ ಇದ್ರನ ಬ್ಯಾಲೆನ್ಸು ಸಿಗ್ತದ್ರಿ."

ಅಯ್ಯಮ್ಮ ಸೆರಗು ಬಿಗಿದು ಸೈಕಲ್ ಇಳಿಸಿದಳು. ಸಾಹೇಬರು ಪತ್ರದ ಫೈಲಿನಿಂದ ಹರಿದ ಪ್ಯಾಂಟು ಮುಚ್ಚಿಕೊಂಡು ಹಿಂದಿನ ಕ್ಯಾರಿಯರ್ ಮೇಲೆ ಕೂತರು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತರು. "ನೋಡ್ರೇ, ನೋಡ್ರೇ, ನರ್ಸಮ್ಮ ಡಾಕ್ಟರನ್ನ ಹೇರ್ಕೊಂಡು ಹೊಂಟಾಳ!" ಎಂದೊಬ್ಬಳು ಕೂಗಿದಳು. ಸಾಹೇಬರು ಮುಖಕ್ಕೆ ಕರವಸ್ತ್ರ ಹಿಡಿದರು.

ಏರು ಬಂತು. ಅಯ್ಯಮ್ಮನ ಉಸಿರು ತಿದಿಯಾಯಿತು. ಸಾಹೇಬರು ಇಳಿದು ಹಿಂದಿನಿಂದ ನೂಕಿದರು. ಅರ್ಧ ಏರಿಗೇ ಅವರ ಕಾಲು ಸೋತವು.

"ದಿನಾ ಹಿಂಗ ತುಳೀತಿಯೇನವ್ವಾ?"

"ಇಲ್ರಿ. ದಿನಾ ಹಿಂದ ಯಾರೂ ಕುಂತಿರಂಗಿಲ್ಲ."

ಸಾಹೇಬರು ಮತ್ತೆ ನೂಕತೊಡಗಿದರು.

ಮಾನ್ವಿಯ ಕಚೇರಿಯ ಜಗುಲಿಯಲ್ಲಿ ದೊಡ್ಡ ಸಾಹೇಬರೇ ನಿಂತಿದ್ದರು. ಸೈಕಲ್ಲನ್ನು, ಅದರ ಹಿಂದಿನ ಡಾಕ್ಟರನ್ನು, ಬೆವರಿನಲ್ಲಿ ತೊಯ್ದ ಅಯ್ಯಮ್ಮನನ್ನು ನೋಡಿ ಕಣ್ಣುಜ್ಜಿಕೊಂಡರು. "ಏನ್ರೀ ಡಾಕ್ಟರ್? ಯಾರೋ ನರ್ಸಮ್ಮನ್ನ ಆಫೀಸಿಗಿ ಹಾಕ್ಬೇಕಂತ ಪತ್ರ ತರ್ತೀನಿ ಅಂದಿದ್ರೆಲ್ಲ?"

ಅಯ್ಯಮ್ಮ ಹ್ಯಾಂಡಲ್ ಬಿಗಿಯಾಗಿ ಹಿಡಿದಳು. ಸಾಹೇಬರು ಫೈಲನ್ನು ಹಿಂದಿನಿಂದ ಕದಲಿಸಲಿಲ್ಲ.

"ಏನೂ ಬ್ಯಾಡ್ರಿ ಸಾರ್. ಹಳ್ಳಿಗಿ ಈಕಿನೇ ಹೋಗ್ಲಿ. ಆ ಜೀಪಿನ ಹಿಂಬಾಗಿಲಾ ಬೇಕಾದ್ರ ಬೆಸುಗಿ ಹಾಕಿಸಿ ಕಾಯಮ್ ಮುಚ್ಚಿಬಿಡ್ತೀನಿ."

ಅಯ್ಯಮ್ಮನಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಸೆರಗಿನಿಂದ ಮುಖ ಒರೆಸಿಕೊಂಡು ಸೈಕಲ್ ತಿರುಗಿಸಿದಳು. "ಹಂಗಂದ್ರ ನೀವು ಬಸ್ಸಿಗಿ ಬರ್ರಿ ಸಾಹೇಬ್ರ. ನನಗ ಇನ್ನೂ ಮೂರು ಹಳ್ಳಿ ಅದಾವ."