ನನ್ನದೇ ಸ್ವರದಲ್ಲಿ ಓದಿದ ಚೀಟಿ

“ಇದು ನಿನ್ನ ಅಕ್ಷರ ಅಲ್ವಾ ಮಾರಾಯ? ಮೈಕಿನಲ್ಲಿ ಓದು.”

ಕುಂಬ್ರದ ವೇದಿಕೆಯಲ್ಲಿ ನಮ್ಮ ಆರ್ಕೆಸ್ಟ್ರಾದ ಯಜಮಾನರು ನನ್ನತ್ತ ಚೀಟಿ ಚಾಚಿದರು. ವರ್ಷಗಟ್ಟಲೆ ಗಿಟಾರಿನಲ್ಲಿ ಊರನ್ನು ಕುಣಿಸಿದ ಅವರು ಗಲ್ಫಿನಿಂದ ಬಂದ ಕೀಬೋರ್ಡಿಗೆ ಮರುಳಾಗಿ ಡಿಸ್ಕೊ ಹಿಡಿದಿದ್ದರು. ಹಳೆಯ ಅಭಿಮಾನಿಗಳು ಎದ್ದು ಹೋಗುತ್ತಿದ್ದರು. ತಂಡದ ಮಿಮಿಕ್ರಿಯವನಾದ ನಾನೂ ಹಳೆಯ ಅಭಿಮಾನಿಯೇ. ಎದುರು ಹೇಳಲು ಹೆದರಿ, ‘ಹೊಸತು ಸಾಕು, ಹಳೆಯದು ನುಡಿಸಿ’ ಎಂದು ಹೆಸರಿಲ್ಲದೆ ಬರೆದು, ಪ್ರೇಕ್ಷಕರ ಕೋರಿಕೆಗಳ ನಡುವೆ ಸೇರಿಸಿದ್ದೆ. ದಿನಾಲೂ ಹಾಡಿನ ಪಟ್ಟಿ ಬರೆಯುವವನೂ ನಾನೇ ಎಂಬುದು ಈ ಬುದ್ಧಿವಂತನಿಗೆ ಹೊಳೆದಿರಲಿಲ್ಲ.

ತಂಡದಿಂದ ಹೊರಬಿದ್ದೆನೆಂದುಕೊಂಡು, ತಮಾಷೆಯಲ್ಲಿ ತೇಲಿಸಲು ಬಸ್ ಕಂಡಕ್ಟರನ ಸ್ವರ ತೆಗೆದೆ.

“ಅದೆಲ್ಲ ಬೇಡ. ನಿನ್ನ ಸ್ವರದಲ್ಲಿ ಓದು.”

ಓದಿದೆ. ಮೈದಾನವಿಡೀ ಚಪ್ಪಾಳೆ ತಟ್ಟಿತು.

ಅಷ್ಟು ದೊಡ್ಡ ಚಪ್ಪಾಳೆ ನನಗೆ ಮತ್ತೆ ಸಿಕ್ಕಿಲ್ಲ, ಸಿಗುವುದೂ ಬೇಡ. ಅದು ನಿಲ್ಲುವವರೆಗೆ ಪಕ್ಕದಲ್ಲಿದ್ದ ಯಜಮಾನರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.